ಹಾರ್ಡ್‌ವೇರ್ ಪರ್ಫಾರ್ಮೆನ್ಸ್ ಕೌಂಟರ್‌ಗಳಿಗೆ ಕರ್ನಲ್ ಡ್ರೈವರ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿ ಭಾಷೆ ಗೊತ್ತಿದ್ದು, ಲಿನಕ್ಸ್‌ನಲ್ಲಿ ಒಂದು ಚಿಕ್ಕ ಮಾಡ್ಯೂಲ್ ಕಂಪೈಲ್ ಮಾಡಿ ಲೋಡ್ ಮಾಡಿದ ಅನುಭವ ಇರುವವರಿಗಾಗಿ ಈ ಪುಟ. ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಕರ್ನಲ್‌ಗೆ ಸಂಬಂಧಪಟ್ಟದ್ದು. ಓದುವಾಗ ಒಂದು ವಿಷಯ ನೆನಪಿರಲಿ. ಬೇರೆ ಡ್ರೈವರ್ ತಪ್ಪಿದರೆ ಡಿಸ್ಕ್ ಓದುವುದಿಲ್ಲ, ನೆಟ್‌ವರ್ಕ್ ಬರುವುದಿಲ್ಲ, ತಪ್ಪು ಕಣ್ಣಿಗೆ ಬೀಳುತ್ತದೆ. ಕೌಂಟರ್ ಡ್ರೈವರ್ ತಪ್ಪಿದರೆ ಒಂದು ಸಂಖ್ಯೆ ಬರುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ, ಜನ ಅದನ್ನು ನಂಬಿ ತಮ್ಮ ಕೋಡ್ ಬದಲಿಸುತ್ತಾರೆ. ಕೆಳಗಿನ ಉತ್ತರಗಳಲ್ಲಿ ಇಷ್ಟೊಂದು ಎಚ್ಚರಿಕೆಯ ಮಾತು ಇರುವುದಕ್ಕೆ ಇದೇ ಕಾರಣ.

ಪರ್ಫಾರ್ಮೆನ್ಸ್ ಕೌಂಟರ್ ಅಂದರೆ ಏನು?

ಪ್ರೊಸೆಸರ್ ಒಳಗೇ ಇರುವ ಎಣಿಸುವ ರಿಜಿಸ್ಟರ್. ಎಷ್ಟು ಸೈಕಲ್ ಕಳೆಯಿತು, ಎಷ್ಟು ಇನ್‌ಸ್ಟ್ರಕ್ಷನ್ ಮುಗಿಯಿತು, ಎಷ್ಟು ಸಲ ಕ್ಯಾಶ್‌ನಲ್ಲಿ ಡೇಟಾ ಸಿಗಲಿಲ್ಲ, ಎಷ್ಟು ಬ್ರಾಂಚ್ ಊಹೆ ತಪ್ಪಾಯಿತು, ಹೀಗೆ. 1993ರಲ್ಲಿ ಬಂದ ಪೆಂಟಿಯಂನಲ್ಲಿ ಇಂಥವು ಎರಡು ಇದ್ದವು. ಈಗಿನ ಇಂಟೆಲ್ ಕೋರ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು ಸಾಮಾನ್ಯ ಕೌಂಟರ್‌ಗಳಿರುತ್ತವೆ. ಅವುಗಳ ಜೊತೆಗೆ ಒಂದೇ ಕೆಲಸಕ್ಕೆ ಮೀಸಲಾದ ಫಿಕ್ಸೆಡ್ ಕೌಂಟರ್‌ಗಳೂ ಇರುತ್ತವೆ. ಆರ್ಮ್ ತನ್ನ ನಿಯಮದಲ್ಲಿ 31ರವರೆಗೆ ಈವೆಂಟ್ ಕೌಂಟರ್‌ಗೆ ಜಾಗ ಕೊಟ್ಟಿದೆ, ಆದರೆ ಎಷ್ಟೋ ಕೋರ್‌ಗಳಲ್ಲಿ ಇರುವುದು ಆರೇ.

ಎಣಿಸುವ ಕೆಲಸಕ್ಕೆ ಪ್ರೋಗ್ರಾಮಿನ ಸಮಯ ಹೋಗುವುದಿಲ್ಲ. ಓದುವಾಗ, ಇಂಟರಪ್ಟ್ ತೆಗೆದುಕೊಳ್ಳುವಾಗ ಮಾತ್ರ ಹೋಗುತ್ತದೆ.

ಇದಕ್ಕೆ ಕರ್ನಲ್ ಒಳಗೇ ಯಾಕೆ ಹೋಗಬೇಕು?

ಯಾವ ಈವೆಂಟ್ ಎಣಿಸಬೇಕು ಅಂತ ಹೇಳುವ ರಿಜಿಸ್ಟರ್‌ಗೆ ಸಾಮಾನ್ಯ ಪ್ರೋಗ್ರಾಮ್ ಬರೆಯುವ ಹಾಗಿಲ್ಲ. ಎಕ್ಸ್86ನಲ್ಲಿ ಇಂಥ ರಿಜಿಸ್ಟರ್‌ಗೆ ಬರೆಯುವ ಡಬ್ಲ್ಯುಆರ್‌ಎಂಎಸ್‌ಆರ್ ಇನ್‌ಸ್ಟ್ರಕ್ಷನ್ ಕರ್ನಲ್‌ಗೆ ಮಾತ್ರ ಮೀಸಲು. ಯೂಸರ್ ಕಡೆಯಿಂದ ಹಾಕಿದರೆ ಫಾಲ್ಟ್ ಆಗುತ್ತದೆ. ಓದುವುದಕ್ಕೆ ಆರ್‌ಡಿಪಿಎಂಸಿ ಇದೆ, ಆದರೆ ಅದಕ್ಕೂ ಕರ್ನಲ್ ಮೊದಲು ಅನುಮತಿ ಕೊಟ್ಟಿರಬೇಕು. ರಿಸ್ಕ್-ಫೈವ್‌ನಲ್ಲಿ ಇನ್ನೂ ಒಂದು ಹೆಜ್ಜೆ ಜಾಸ್ತಿ. ಅಲ್ಲಿ ಈವೆಂಟ್ ಆರಿಸುವ ಹಕ್ಕು ಕರ್ನಲ್‌ಗಿಂತ ಮೇಲಿನ ಅಧಿಕಾರದ ಹಂತವಾದ ಮಷೀನ್ ಮೋಡ್‌ಗೆ ಸೇರಿದ್ದು. ಹಾಗಾಗಿ ಕರ್ನಲ್ ಕೂಡ ಎಸ್‌ಬಿಐ (ಫರ್ಮ್‌ವೇರ್ ಅನ್ನು ಕರೆಯಲು ಇರುವ ಗೊತ್ತಾದ ಇಂಟರ್‌ಫೇಸ್) ಮೂಲಕ ಫರ್ಮ್‌ವೇರ್ ಅನ್ನು ಕೇಳಿಕೊಳ್ಳಬೇಕು.

ಅನುಮತಿ ಇದ್ದರೂ ಇನ್ನೊಂದು ತೊಂದರೆ ಉಳಿಯುತ್ತದೆ. ನಿಮ್ಮ ಥ್ರೆಡ್ ಒಂದು ಸಿಪಿಯುನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಬಹುದು. ಮಧ್ಯೆ ಬೇರೆ ಥ್ರೆಡ್ ಅದೇ ಸಿಪಿಯುನಲ್ಲಿ ಓಡಿರುತ್ತದೆ. ಯಾರ ಲೆಕ್ಕ ಯಾರಿಗೆ ಸೇರಬೇಕು ಅಂತ ಶೆಡ್ಯೂಲರ್‌ಗೆ ಮಾತ್ರ ಗೊತ್ತು.

ನಾನು ನಿಜವಾಗಿಯೂ ಹೊಸ ಡ್ರೈವರ್ ಬರೆಯಬೇಕಾ?

ನಿಮಗೆ ಬೇಕಾಗಿರುವುದು ಸಿಪಿಯು ಕೋರ್‌ನ ಕೌಂಟರ್ ಆದರೆ ಬಹುಪಾಲು ಬೇಡ. ಕೌಂಟರ್‌ಗಳನ್ನು ಹಂಚಿ ಓದಿಕೊಡುವ ಪರ್ಫ್ ಅನ್ನುವ ವ್ಯವಸ್ಥೆ 2009ರಲ್ಲಿ ಬಂದ 2.6.31 ಕರ್ನಲ್‌ನಿಂದ ಕರ್ನಲ್‌ನಲ್ಲೇ ಇದೆ, ಅದನ್ನು ಬಳಸುವ ಟೂಲ್‌ಗೂ ಅದೇ ಹೆಸರು. ಹೆಸರಿಲ್ಲದ ಈವೆಂಟ್ ಬೇಕಿದ್ದರೆ ಪ್ರೊಸೆಸರ್ ಕೈಪಿಡಿಯಲ್ಲಿರುವ ಕೋಡ್ ಅನ್ನೇ ಪರ್ಫ್‌ಗೆ ಕೊಡಬಹುದು. ಕರ್ನಲ್ ಮಾಡ್ಯೂಲ್ ಒಳಗಿನಿಂದ ಓದಬೇಕಿದ್ದರೆ ಪರ್ಫ್_ಈವೆಂಟ್_ಕ್ರಿಯೇಟ್_ಕರ್ನಲ್_ಕೌಂಟರ್ ಅನ್ನುವ ಫಂಕ್ಷನ್ ಇದೆ. ಅದನ್ನು ಕರೆಯಿರಿ, ಪರ್ಫ್_ಈವೆಂಟ್_ರೀಡ್_ವ್ಯಾಲ್ಯೂನಿಂದ ಓದಿ, ಮುಗಿದ ಮೇಲೆ ರಿಲೀಸ್ ಮಾಡಿ. ಕೆಲಸ ಅಲ್ಲಿಗೆ ಮುಗಿಯಿತು.

ಹೊಸ ಡ್ರೈವರ್ ಬೇಕಾಗುವುದು ಕರ್ನಲ್‌ಗೆ ಗೊತ್ತಿಲ್ಲದ ಹಾರ್ಡ್‌ವೇರ್ ಇದ್ದಾಗ. ಚಿಪ್ಪಿನ ಮೆಮೊರಿ ಕಂಟ್ರೋಲರ್, ಕೋರ್‌ಗಳನ್ನು ಜೋಡಿಸುವ ಇಂಟರ್‌ಕನೆಕ್ಟ್, ಹಂಚಿಕೊಂಡ ಕ್ಯಾಶ್, ಪಿಸಿಐಇ ಕಂಟ್ರೋಲರ್, ಆಕ್ಸಿಲರೇಟರ್. ಇವಕ್ಕೆಲ್ಲ ಅನ್‌ಕೋರ್ ಕೌಂಟರ್ ಅಂತ ಹೆಸರು. ಕೈಯಲ್ಲಿ ಹೊಸ ಬೋರ್ಡ್ ಹಿಡಿದವರು ಬರೆಯುವ ಡ್ರೈವರ್‌ಗಳು ಹೆಚ್ಚಾಗಿ ಈ ಜಾತಿಯವು.

ಒಂದು ಕ್ಯಾರೆಕ್ಟರ್ ಡಿವೈಸ್, ನಾಲ್ಕು ಐಆಕ್ಟಲ್ ಸಾಲದಾ? ಪರ್ಫ್ ಗೊಡವೆ ಯಾಕೆ?

ಎಲ್ಲರೂ ಮೊದಲು ಯೋಚಿಸುವುದು ಹೀಗೇ. ಒಂದು ಡಿವೈಸ್ ಫೈಲ್ ತೆರೆ, ರಿಜಿಸ್ಟರ್ ನಂಬರ್ ಕೊಡು, ಓದಿ ತಾ. ಸಂಜೆಯೊಳಗೆ ಬರೆದು ಮುಗಿಸಬಹುದು, ಮೊದಲ ಸಲ ಓಡಿಸಿದಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ತೊಂದರೆ ಒಡೆತನದ್ದು. ಕೌಂಟರ್ ಬೆರಳೆಣಿಕೆಯಷ್ಟು, ಬಳಸುವವರು ಹಲವರು. ಎಕ್ಸ್86 ಯಂತ್ರಗಳಲ್ಲಿ ಸಿಪಿಯು ಹ್ಯಾಂಗ್ ಆಗಿದೆಯಾ ಅಂತ ನೋಡುವ ಎನ್‌ಎಂಐ ವಾಚ್‌ಡಾಗ್ (ಎನ್‌ಎಂಐ ಅಂದರೆ ನಿಲ್ಲಿಸಿಡಲು ಬಾರದ ಇಂಟರಪ್ಟ್) ಪ್ರತಿ ಸಿಪಿಯುನಲ್ಲೂ ಒಂದು ಕೌಂಟರ್ ಹಿಡಿದು ಕೂತಿರುತ್ತದೆ. ಇನ್ನೊಂದು ಟರ್ಮಿನಲ್‌ನಲ್ಲಿ ಯಾರೋ ಪರ್ಫ್ ಓಡಿಸುತ್ತಿರಬಹುದು. ನಿಮ್ಮ ಡ್ರೈವರ್ ಇದೆ ಅನ್ನುವುದೇ ಪರ್ಫ್‌ಗೆ ಗೊತ್ತಿಲ್ಲ. ನೀವು ಬರೆದದ್ದರ ಮೇಲೆ ಅದು ಬರೆಯುತ್ತದೆ, ಅದು ಬರೆದದ್ದರ ಮೇಲೆ ನೀವು ಬರೆಯುತ್ತೀರಿ. ಇಬ್ಬರಿಗೂ ಸಂಖ್ಯೆ ಸಿಗುತ್ತದೆ, ಎರಡೂ ಸುಳ್ಳು. ಒಂದು ದೋಷ ಸಂದೇಶವೂ ಬರುವುದಿಲ್ಲ.

ಪರ್ಫ್ ಒಳಗೆ ಸೇರಿಕೊಂಡರೆ ಥ್ರೆಡ್ ಬದಲಾದಾಗ ಲೆಕ್ಕ ಬೇರ್ಪಡಿಸುವುದು, ಅನುಮತಿ ನೋಡುವುದು, ಸರದಿ ಹಾಕುವುದು ಎಲ್ಲ ಬಿಟ್ಟಿಯಾಗಿ ಸಿಗುತ್ತದೆ. ಬಳಸುವವರಿಗೂ ಹೊಸ ಟೂಲ್ ಕಲಿಯುವ ಕಷ್ಟ ಇಲ್ಲ. ಹಾರ್ಡ್‌ವೇರ್ ಅರ್ಥ ಮಾಡಿಕೊಳ್ಳಲು ಪ್ರಯೋಗದ ಯಂತ್ರದಲ್ಲಿ ಡಿವೈಸ್ ಫೈಲ್ ಮಾಡಿ ನೋಡಿದರೆ ತಪ್ಪೇನಿಲ್ಲ. ಆಗ ಪರ್ಫ್ ಓಡಿಸಬೇಡಿ. ಪ್ರಾಕ್ ಕೆಳಗಿನ ಎನ್‌ಎಂಐ ವಾಚ್‌ಡಾಗ್ ಫೈಲಿಗೆ 0 ಬರೆದು ಅದನ್ನೂ ನಿಲ್ಲಿಸಿ. ಆ ಕೋಡ್ ಅನ್ನು ಬೇರೆಯವರ ಕೈಗೆ ಮಾತ್ರ ಕೊಡಬೇಡಿ.

ರಿಜಿಸ್ಟರ್‌ಗೆ ಏನು ಬರೆಯಬೇಕು? ಒಂದು ಉದಾಹರಣೆ ಕೊಡಿ.

ಇಂಟೆಲ್ ತೆಗೆದುಕೊಳ್ಳೋಣ. ಮೊದಲ ಈವೆಂಟ್ ಸೆಲೆಕ್ಟ್ ರಿಜಿಸ್ಟರ್ ಹೆಕ್ಸ್ 186ರಲ್ಲಿದೆ, ಅದರ ಜೋಡಿ ಕೌಂಟರ್ ಹೆಕ್ಸ್ ಸಿ1ರಲ್ಲಿ. ಸೆಲೆಕ್ಟ್ ರಿಜಿಸ್ಟರ್‌ನ ಕೆಳಗಿನ ಎಂಟು ಬಿಟ್ ಈವೆಂಟ್ ಕೋಡ್, ಅದರ ಮೇಲಿನ ಎಂಟು ಯೂನಿಟ್ ಮಾಸ್ಕ್. 16ನೇ ಬಿಟ್ ಹಾಕಿದರೆ ಯೂಸರ್ ಮೋಡ್‌ನಲ್ಲಿ ಎಣಿಸುತ್ತದೆ, 17 ಹಾಕಿದರೆ ಕರ್ನಲ್ ಮೋಡ್‌ನಲ್ಲಿ. 20ನೇ ಬಿಟ್ ತುಂಬಿ ಹರಿದಾಗ ಇಂಟರಪ್ಟ್ ಕೇಳುತ್ತದೆ. 22ನೇ ಬಿಟ್ ಕೌಂಟರ್ ಚಾಲೂ ಮಾಡುತ್ತದೆ.

ಮುಗಿದ ಇನ್‌ಸ್ಟ್ರಕ್ಷನ್‌ಗಳ ಕೋಡ್ ಹೆಕ್ಸ್ ಸಿ0, ಮಾಸ್ಕ್ ಸೊನ್ನೆ. ಎರಡೂ ಮೋಡ್‌ನಲ್ಲಿ, ಇಂಟರಪ್ಟ್ ಇಲ್ಲದೆ ಎಣಿಸಲು ಬರೆಯಬೇಕಾದ ಸಂಖ್ಯೆ ಹೆಕ್ಸ್ 4300ಸಿ0. ಬಿಟ್‌ಗಳನ್ನು ನೀವೇ ಕೂಡಿಸಿ ನೋಡಿ, ಒಮ್ಮೆ ಕೈಯಲ್ಲಿ ಮಾಡಿದರೆ ಮರೆಯುವುದಿಲ್ಲ.

ಎಎಂಡಿಯಲ್ಲಿ ರಿಜಿಸ್ಟರ್‌ಗಳ ವಿಳಾಸ ಬೇರೆ. ಆರ್ಮ್‌ನಲ್ಲಿ ಪಿಎಂಸಿಆರ್ ರಿಜಿಸ್ಟರ್‌ನಿಂದ ಇಡೀ ಘಟಕ ಚಾಲೂ ಮಾಡಿ, ಪಿಎಂಸಿಎನ್‌ಟಿಇಎನ್‌ಸೆಟ್‌ನಿಂದ ಒಂದೊಂದೇ ಕೌಂಟರ್ ಚಾಲೂ ಮಾಡಬೇಕು.

ಎಲ್ಲ ಸರಿಯಾಗಿ ಬರೆದೆ, ಆದರೂ ಕೌಂಟರ್ ಸೊನ್ನೆಯಲ್ಲೇ ಇದೆ. ಯಾಕೆ?

ಮೊದಲು ಗ್ಲೋಬಲ್ ಕಂಟ್ರೋಲ್ ನೋಡಿ. ಇಂಟೆಲ್‌ನಲ್ಲಿ ಹೆಕ್ಸ್ 38ಎಫ್ ರಿಜಿಸ್ಟರ್‌ನಲ್ಲಿ ಪ್ರತಿ ಕೌಂಟರ್‌ಗೂ ಒಂದು ಬಿಟ್ ಇದೆ. 22ನೇ ಬಿಟ್ ಹಾಕಿ ಇದನ್ನು ಮರೆತರೆ ಏನೂ ಓಡುವುದಿಲ್ಲ.

ಆಮೇಲೆ ನೋಡಬೇಕಾದದ್ದು ಯಾವ ಸಿಪಿಯು ಅನ್ನುವುದು. ಈ ರಿಜಿಸ್ಟರ್‌ಗಳು ಪ್ರತಿ ಲಾಜಿಕಲ್ ಸಿಪಿಯುಗೂ ಬೇರೆ ಬೇರೆ. ನಿಮ್ಮ ಇನಿಟ್ ಫಂಕ್ಷನ್ ಮೂರನೇ ಸಿಪಿಯುನಲ್ಲಿ ಓಡಿ, ಓದುವ ಕೋಡ್ ಐದನೆಯದರಲ್ಲಿ ಓಡಿದರೆ ಸೊನ್ನೆಯೇ ಸಿಗುತ್ತದೆ. ಎಸ್‌ಎಂಪಿ_ಕಾಲ್_ಫಂಕ್ಷನ್_ಸಿಂಗಲ್ ಬಳಸಿ ಬೇಕಾದ ಸಿಪಿಯುನಲ್ಲೇ ಓಡಿಸಿ.

ವರ್ಚುವಲ್ ಮಷೀನ್ ಒಳಗಿದ್ದೀರಾ ಅಂತಲೂ ನೋಡಿ. ಹೈಪರ್‌ವೈಸರ್ ಕೌಂಟರ್ ತೋರಿಸದೇ ಇರಬಹುದು. ಎಷ್ಟು ಕೌಂಟರ್ ಇವೆ, ಎಷ್ಟು ಬಿಟ್ ಅಗಲ ಅನ್ನುವುದನ್ನು ಇಂಟೆಲ್‌ನಲ್ಲಿ ಸಿಪಿಯುಐಡಿ ಇನ್‌ಸ್ಟ್ರಕ್ಷನ್‌ನ ಲೀಫ್ ಹೆಕ್ಸ್ ಎ ಹೇಳುತ್ತದೆ. ಅದನ್ನು ಕೇಳಿಯೇ ಮುಂದುವರಿಯಿರಿ, ಸಂಖ್ಯೆಯನ್ನು ಕೋಡ್‌ನಲ್ಲಿ ಗಟ್ಟಿಯಾಗಿ ಬರೆಯಬೇಡಿ. ಇಲ್ಲದ ರಿಜಿಸ್ಟರ್ ಮುಟ್ಟಿದರೆ ಫಾಲ್ಟ್ ಆಗುತ್ತದೆ. ಪರೀಕ್ಷಿಸುವ ಕೋಡ್‌ನಲ್ಲಿ ಸೇಫ್ ಅಂತ ಕೊನೆಯಾಗುವ ಫಂಕ್ಷನ್‌ಗಳನ್ನೇ ಬಳಸಿ. ಅವು ಫಾಲ್ಟ್ ಹಿಡಿದು ಎರರ್ ವಾಪಸ್ ಕೊಡುತ್ತವೆ.

ಪರ್ಫ್ ಜೊತೆ ಸೇರಲು ಏನೇನು ಬರೆಯಬೇಕು?

ಸ್ಟ್ರಕ್ಟ್ ಪಿಎಂಯು (ಪಿಎಂಯು ಅಂದರೆ ಕೌಂಟರ್‌ಗಳಿರುವ ಘಟಕ) ತುಂಬಿ ಪರ್ಫ್_ಪಿಎಂಯು_ರಿಜಿಸ್ಟರ್‌ಗೆ ಕೊಡಬೇಕು. ಒಳಗೆ ಮುಖ್ಯವಾಗಿ ಆರು ಫಂಕ್ಷನ್‌ಗಳು: ಈವೆಂಟ್_ಇನಿಟ್, ಆ್ಯಡ್, ಡೆಲ್, ಸ್ಟಾರ್ಟ್, ಸ್ಟಾಪ್, ರೀಡ್.

ಈವೆಂಟ್_ಇನಿಟ್ ಮೇಲೆ ಜಾಸ್ತಿ ಸಮಯ ಹಾಕಿ. ಬೇಡವೆನ್ನಬೇಕಾದದ್ದನ್ನು ಬೇಡವೆನ್ನುವ ಜಾಗ ಇದೊಂದೇ. ಈವೆಂಟ್‌ನ ಟೈಪ್ ನಿಮ್ಮದಲ್ಲದಿದ್ದರೆ ಇನೋಎಂಟ್ ವಾಪಸ್ ಕೊಡಿ. ಆಗ ಪರ್ಫ್ ಬೇರೆ ಪಿಎಂಯುಗಳನ್ನು ಕೇಳುತ್ತದೆ. ಟೈಪ್ ನಿಮ್ಮದೇ ಆಗಿದ್ದು ಕೇಳಿದ್ದು ಸರಿಯಿಲ್ಲದಿದ್ದರೆ ಇನ್‌ವ್ಯಾಲ್ ಕೊಡಿ. ಇವೆರಡನ್ನು ಅದಲುಬದಲು ಮಾಡಿದರೆ ಬಳಸುವವರಿಗೆ ತಲೆಬುಡ ತಿಳಿಯದ ದೋಷ ಸಂದೇಶ ಸಿಗುತ್ತದೆ. ಕರ್ನಲ್ ಬಿಟ್ಟು ಯೂಸರ್ ಮೋಡ್ ಮಾತ್ರ ಎಣಿಸು ಅಂತ ಕೇಳಿದಾಗ ಹಾರ್ಡ್‌ವೇರ್‌ಗೆ ಆ ಶಕ್ತಿ ಇಲ್ಲದಿದ್ದರೆ ನಿರಾಕರಿಸಿ. ಸುಮ್ನೆ ಒಪ್ಪಿಕೊಂಡು ಎಲ್ಲವನ್ನೂ ಎಣಿಸಿ ಕೊಡುವುದು ಮೋಸ. ಗುಂಪಾಗಿ ಬಂದ ಈವೆಂಟ್‌ಗಳು ಇರುವ ಕೌಂಟರ್‌ಗಳಲ್ಲಿ ಒಟ್ಟಿಗೆ ಹಿಡಿಸುತ್ತವಾ ಅಂತಲೂ ಇಲ್ಲೇ ನೋಡಿ. ಹಿಡಿಸದ ಗುಂಪನ್ನು ಒಳಗೆ ಬಿಟ್ಟರೆ ಅದಕ್ಕೆ ಯಾವತ್ತೂ ಸರದಿ ಬರುವುದಿಲ್ಲ.

ಆ್ಯಡ್ ಒಂದು ಖಾಲಿ ಕೌಂಟರ್ ಹುಡುಕಿ ಕೊಡುತ್ತದೆ, ಡೆಲ್ ಅದನ್ನು ಬಿಡಿಸುತ್ತದೆ. ಸ್ಟಾರ್ಟ್ ಮತ್ತು ಸ್ಟಾಪ್ ಎಣಿಕೆಯನ್ನು ಮಾತ್ರ ನಡೆಸುತ್ತವೆ, ನಿಲ್ಲಿಸುತ್ತವೆ, ಕೌಂಟರ್ ಕೈಯಲ್ಲೇ ಇರುತ್ತದೆ. ಆ್ಯಡ್‌ಗೆ ಬರುವ ಫ್ಲ್ಯಾಗ್‌ನಲ್ಲಿ ಸ್ಟಾರ್ಟ್ ಅಂತ ಇದ್ದರೆ ಮಾತ್ರ ಶುರು ಮಾಡಿ. ಈ ಫಂಕ್ಷನ್‌ಗಳು ಇಂಟರಪ್ಟ್ ನಿಲ್ಲಿಸಿದ ಸ್ಥಿತಿಯಲ್ಲಿ, ಶೆಡ್ಯೂಲರ್‌ನ ದಾರಿಯಲ್ಲೇ ಓಡುತ್ತವೆ. ಇಲ್ಲಿ ನಿದ್ದೆ ಮಾಡುವ ಯಾವ ಕೋಡೂ ಇರಬಾರದು. ಮ್ಯೂಟೆಕ್ಸ್ ಬೇಡ, ಸಾಮಾನ್ಯ ಮೆಮೊರಿ ಅಲೊಕೇಶನ್ ಬೇಡ.

ಮಾಡ್ಯೂಲ್ ಫೀಲ್ಡ್‌ನಲ್ಲಿ ದಿಸ್_ಮಾಡ್ಯೂಲ್ ಹಾಕುವುದನ್ನು ಬಿಡಬೇಡಿ. ಇಲ್ಲದಿದ್ದರೆ ಈವೆಂಟ್ ತೆರೆದಿರುವಾಗಲೇ ಯಾರಾದರೂ ಮಾಡ್ಯೂಲ್ ಕಿತ್ತುಹಾಕಬಹುದು.

ಎಣಿಕೆ ಇದ್ದಕ್ಕಿದ್ದಂತೆ ಆಕಾಶಕ್ಕೆ ಹೋಗುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಏನಾಗುತ್ತಿದೆ?

ಕೌಂಟರ್ ಸುತ್ತು ಹೊಡೆದಿದೆ, ಅಂದರೆ ಗರಿಷ್ಠ ಸಂಖ್ಯೆ ದಾಟಿ ಮತ್ತೆ ಸೊನ್ನೆಯಿಂದ ಶುರುವಾಗಿದೆ. ಡ್ರೈವರ್ ಅದನ್ನು ಗಮನಿಸಿಲ್ಲ.

ಸರಿಯಾದ ರೀತಿ ಮನೆಯ ಕರೆಂಟ್ ಮೀಟರ್ ಓದಿದ ಹಾಗೆ. ಮೀಟರ್ ಅನ್ನು ಯಾರೂ ಸೊನ್ನೆ ಮಾಡುವುದಿಲ್ಲ, ಹಿಂದಿನ ರೀಡಿಂಗ್ ಕಳೆದು ವ್ಯತ್ಯಾಸ ತೆಗೆದುಕೊಳ್ಳುತ್ತಾರೆ. ಡ್ರೈವರ್‌ನಲ್ಲೂ ಹಿಂದೆ ಓದಿದ್ದನ್ನು ಪ್ರೆವ್_ಕೌಂಟ್‌ನಲ್ಲಿ ಇಟ್ಟು, ಹೊಸದರಿಂದ ಕಳೆದು, ವ್ಯತ್ಯಾಸವನ್ನು ಈವೆಂಟ್‌ನ ಒಟ್ಟು ಲೆಕ್ಕಕ್ಕೆ ಸೇರಿಸಬೇಕು.

ಕಳೆಯುವಾಗ ಅಗಲ ಮುಖ್ಯ. ಕೌಂಟರ್ 48 ಬಿಟ್, ನಿಮ್ಮ ವೇರಿಯೇಬಲ್ 64 ಬಿಟ್. ಸುತ್ತು ಹೊಡೆದ ಮೇಲೆ ಹೊಸ ಸಂಖ್ಯೆ ಹಳೆಯದಕ್ಕಿಂತ ಚಿಕ್ಕದಾಗಿರುತ್ತದೆ, ಸೀದಾ ಕಳೆದರೆ ಮೇಲಿನ 16 ಬಿಟ್‌ಗಳಲ್ಲಿ ಕಸ ತುಂಬುತ್ತದೆ. ವ್ಯತ್ಯಾಸವನ್ನು 48 ಬಿಟ್ ಮಾಸ್ಕ್‌ನಿಂದ ಆ್ಯಂಡ್ ಮಾಡಿ. ಎರಡು ಓದಿನ ನಡುವೆ ಒಂದಕ್ಕಿಂತ ಹೆಚ್ಚು ಸುತ್ತು ಆಗದಿದ್ದರೆ ಉತ್ತರ ಸರಿ ಬರುತ್ತದೆ.

ಹಾಗಾದರೆ ಎಷ್ಟು ಬೇಗ ಬೇಗ ಓದಬೇಕು? ಲೆಕ್ಕ ಹಾಕಿ. ಸೆಕೆಂಡಿಗೆ 300 ಕೋಟಿ ಸೈಕಲ್ ಓಡುವ ಸಿಪಿಯುನಲ್ಲಿ 48 ಬಿಟ್ ಕೌಂಟರ್ ಸುತ್ತು ಹೊಡೆಯಲು ಸುಮಾರು 26 ಗಂಟೆ ಬೇಕು. 32 ಬಿಟ್ ಕೌಂಟರ್‌ಗೆ ಒಂದೂವರೆ ಸೆಕೆಂಡೂ ಬೇಡ. ಓವರ್‌ಫ್ಲೋ ಇಂಟರಪ್ಟ್ ಇದ್ದರೆ ಅದನ್ನು ಹಿಡಿದು ಅಪ್‌ಡೇಟ್ ಮಾಡಿ. ಇಲ್ಲದಿದ್ದರೆ ಹೆಚ್‌ಆರ್‌ಟೈಮರ್ ಇಟ್ಟು ಸುತ್ತು ಮುಗಿಯುವ ಮೊದಲೇ ಓದುತ್ತಿರಿ.

ಇನ್ನೊಂದು ಸೂಕ್ಷ್ಮ ಇದೆ. ನೀವು ಪ್ರೆವ್_ಕೌಂಟ್ ಓದಿ, ಕೌಂಟರ್ ಓದಿ, ಹೊಸದನ್ನು ಬರೆಯುವ ಮಧ್ಯದಲ್ಲಿ ಎನ್‌ಎಂಐ ಬಂದು ಅದೇ ಕೆಲಸ ಮಾಡಿಬಿಟ್ಟರೆ ಒಂದೇ ವ್ಯತ್ಯಾಸ ಎರಡು ಸಲ ಸೇರುತ್ತದೆ. ಅದಕ್ಕೇ ಕರ್ನಲ್‌ನಲ್ಲಿರುವ ಡ್ರೈವರ್‌ಗಳು ಪ್ರೆವ್_ಕೌಂಟ್ ಅನ್ನು ಕಂಪೇರ್-ಎಕ್ಸ್‌ಚೇಂಜ್‌ನಿಂದ ಬದಲಿಸುತ್ತವೆ. ಮಧ್ಯೆ ಯಾರಾದರೂ ಬದಲಿಸಿದ್ದರೆ ಮತ್ತೆ ಮೊದಲಿನಿಂದ ಓದುತ್ತವೆ. ಈ ಎರಡು ಮೂರು ಸಾಲನ್ನು ಹೊಸದಾಗಿ ಯೋಚಿಸಲು ಹೋಗಬೇಡಿ, ಇರುವ ಮಾದರಿಯನ್ನೇ ಅನುಸರಿಸಿ.

ಸ್ಯಾಂಪ್ಲಿಂಗ್ ಹೇಗೆ ನಡೆಯುತ್ತದೆ?

ಪ್ರತಿ ಹತ್ತು ಲಕ್ಷ ಇನ್‌ಸ್ಟ್ರಕ್ಷನ್‌ಗೆ ಒಂದು ಸ್ಯಾಂಪಲ್, ಅಂದರೆ ಆ ಕ್ಷಣ ಕೋಡ್‌ನ ಯಾವ ಜಾಗ ಓಡುತ್ತಿತ್ತು ಅನ್ನುವ ದಾಖಲೆ, ಬೇಕು ಅಂದುಕೊಳ್ಳಿ. ಕೌಂಟರ್‌ಗೆ ಮೈನಸ್ ಹತ್ತು ಲಕ್ಷ ತುಂಬಿ ಬಿಡುತ್ತೀರಿ. ಅದು ಮೇಲೇರಿ ಸೊನ್ನೆ ದಾಟಿದಾಗ ಇಂಟರಪ್ಟ್ ಬರುತ್ತದೆ. ಹ್ಯಾಂಡ್ಲರ್‌ನಲ್ಲಿ ಯಾವ ಕೌಂಟರ್ ತುಂಬಿತು ಅಂತ ಸ್ಟೇಟಸ್ ಓದಿ, ಆ ಬಿಟ್ ಅಳಿಸಿ, ಲೆಕ್ಕ ಅಪ್‌ಡೇಟ್ ಮಾಡಿ, ಮತ್ತೆ ಮೈನಸ್ ಸಂಖ್ಯೆ ತುಂಬಿ, ಪರ್ಫ್_ಈವೆಂಟ್_ಓವರ್‌ಫ್ಲೋ ಕರೆಯಬೇಕು. ಇಂಟರಪ್ಟ್ ವಿಪರೀತ ಆದಾಗ ಪರ್ಫ್ ತಾನೇ ತಡೆ ಹಾಕುತ್ತದೆ.

ಇಂಟೆಲ್‌ನ ಹಳೆಯ ಕೌಂಟರ್ ವಿಳಾಸಗಳಿಗೆ ಬರೆದಾಗ ಕೆಳಗಿನ 32 ಬಿಟ್ ಮಾತ್ರ ಹೋಗುತ್ತದೆ, ಉಳಿದವಕ್ಕೆ 31ನೇ ಬಿಟ್‌ನ ನಕಲು ತುಂಬಿಕೊಳ್ಳುತ್ತದೆ. ದೊಡ್ಡ ಅವಧಿ ಬೇಕಿದ್ದರೆ ಹೆಕ್ಸ್ 4ಸಿ1ರಿಂದ ಶುರುವಾಗುವ ಪೂರ್ತಿ ಅಗಲದ ವಿಳಾಸಗಳನ್ನು ಬಳಸಿ, ಸಿಪಿಯುನಲ್ಲಿ ಅವು ಇವೆಯಾ ಅಂತ ನೋಡಿಕೊಂಡು.

ಒಂದೇ ಒಂದು ಇಂಟರಪ್ಟ್ ಬಂದು ಆಮೇಲೆ ನಿಂತುಹೋಯಿತು.

ಎಕ್ಸ್86ನಲ್ಲಿ ಲೋಕಲ್ ಎಪಿಕ್ (ಪ್ರತಿ ಸಿಪಿಯುನ ಇಂಟರಪ್ಟ್ ಕಂಟ್ರೋಲರ್) ಈ ಇಂಟರಪ್ಟ್ ತಲುಪಿಸಿದ ಕೂಡಲೇ ಆ ಎಂಟ್ರಿಯ ಮಾಸ್ಕ್ ಬಿಟ್ ಅನ್ನು ತಾನೇ ಹಾಕಿಬಿಡುತ್ತದೆ. ಹ್ಯಾಂಡ್ಲರ್‌ನಲ್ಲಿ ಅದನ್ನು ಮತ್ತೆ ತೆಗೆಯಬೇಕು. ಬೇರೆ ಹಾರ್ಡ್‌ವೇರ್‌ನಲ್ಲಾದರೆ ಓವರ್‌ಫ್ಲೋ ಬಿಟ್ ಅಳಿಸಿದ್ದೀರಾ ಅಂತ ಮೊದಲು ನೋಡಿ.

ಹ್ಯಾಂಡ್ಲರ್‌ನಲ್ಲಿ ಲಾಕ್ ಹಾಕಿದರೆ ಯಂತ್ರ ನಿಂತುಹೋಗುತ್ತದೆ.

ಎಕ್ಸ್86ನಲ್ಲಿ ಓವರ್‌ಫ್ಲೋ ಇಂಟರಪ್ಟ್ ಎನ್‌ಎಂಐ ಆಗಿ ಬರುತ್ತದೆ. ಇಂಟರಪ್ಟ್ ನಿಲ್ಲಿಸಿದ ಕೋಡ್ ಒಳಗೂ ನುಗ್ಗುತ್ತದೆ. ಒಂದು ಸ್ಪಿನ್‌ಲಾಕ್ ಹಿಡಿದುಕೊಂಡ ಕೋಡ್ ಅನ್ನೇ ತಡೆದು ಹ್ಯಾಂಡ್ಲರ್ ಬಂದಿರಬಹುದು. ಅದೇ ಲಾಕ್‌ಗೆ ಹ್ಯಾಂಡ್ಲರ್ ಕಾದರೆ ಬಿಡುವವರೇ ಇಲ್ಲ. ಅಲ್ಲಿ ಲಾಕ್ ಬೇಡ, ಮೆಮೊರಿ ಕೇಳುವುದು ಬೇಡ, ಯಾರನ್ನೂ ಎಬ್ಬಿಸುವುದೂ ಬೇಡ. ಅಂಥ ಕೆಲಸ ಇದ್ದರೆ ಐಆರ್‌ಕ್ಯೂ_ವರ್ಕ್‌ಗೆ ಹಾಕಿ, ಸುರಕ್ಷಿತ ಸಮಯದಲ್ಲಿ ಅದು ಓಡುತ್ತದೆ.

ಇಷ್ಟು ಕಷ್ಟ ಯಾಕೆ, ಸಾಮಾನ್ಯ ಇಂಟರಪ್ಟ್ ಸಾಲದಾ ಅಂತ ಕೇಳಬಹುದು. ಸಾಮಾನ್ಯ ಇಂಟರಪ್ಟ್ ಆದರೆ ಕರ್ನಲ್ ಅವನ್ನು ನಿಲ್ಲಿಸಿದ ಜಾಗಗಳಲ್ಲಿ ಒಂದೂ ಸ್ಯಾಂಪಲ್ ಬರುವುದಿಲ್ಲ. ಅವೆಲ್ಲ ಇಂಟರಪ್ಟ್ ಮತ್ತೆ ಚಾಲೂ ಮಾಡುವ ಸಾಲಿನ ಮೇಲೆ ರಾಶಿ ಬೀಳುತ್ತವೆ. ಆರ್ಮ್‌ನಲ್ಲಿ ಜಿಐಸಿವಿ3 ಇಂಟರಪ್ಟ್ ಕಂಟ್ರೋಲರ್‌ನ ಆದ್ಯತೆ ಬಳಸಿ ಸೂಡೋ ಎನ್‌ಎಂಐ ಮಾಡಿಕೊಂಡದ್ದು ಈ ಕಾರಣಕ್ಕೂ ಉಪಯೋಗವಾಗುತ್ತದೆ.

ಸ್ಯಾಂಪಲ್ ತೋರಿಸುವ ಸಾಲು ತಪ್ಪಾಗಿದೆಯಲ್ಲ?

ಕೌಂಟರ್ ತುಂಬಿದ ಕ್ಷಣಕ್ಕೂ ಇಂಟರಪ್ಟ್ ಬಂದ ಕ್ಷಣಕ್ಕೂ ನಡುವೆ ಸಿಪಿಯು ಮುಂದೆ ಹೋಗಿರುತ್ತದೆ. ಇದನ್ನು ಸ್ಕಿಡ್ ಅನ್ನುತ್ತಾರೆ. ಡ್ರೈವರ್ ಇದನ್ನು ಸರಿಮಾಡಲಾರದು. ಹಾರ್ಡ್‌ವೇರೇ ಜಾಗ ಬರೆದಿಡುವ ಸೌಲಭ್ಯ ಬೇಕು: ಇಂಟೆಲ್‌ನಲ್ಲಿ ಪೆಬ್ಸ್, ಎಎಂಡಿಯಲ್ಲಿ ಐಬಿಎಸ್, ಆರ್ಮ್‌ನಲ್ಲಿ ಎಸ್‌ಪಿಇ.

ಅನ್‌ಕೋರ್ ಡ್ರೈವರ್ ಬರೆಯುವಾಗ ಏನು ಬೇರೆ?

ತುಂಬಾ ಬೇರೆ, ಆದರೆ ಹೆಚ್ಚಿನದು ಸುಲಭದ ಕಡೆಗೇ. ಮೆಮೊರಿ ಕಂಟ್ರೋಲರ್‌ಗೆ ಯಾವ ಥ್ರೆಡ್ ಓಡುತ್ತಿದೆ ಅಂತ ಗೊತ್ತಿಲ್ಲ. ಹಾಗಾಗಿ ಥ್ರೆಡ್ ಲೆಕ್ಕದಲ್ಲಿ ಎಣಿಸುವ ಮಾತೇ ಇಲ್ಲ. ಟಾಸ್ಕ್ ಕಾಂಟೆಕ್ಸ್ಟ್ ಅನ್ನು ಇನ್‌ವ್ಯಾಲಿಡ್ ಅಂತ ಹಾಕಿ, ಸಿಪಿಯು ಹೇಳದೆ ಬಂದ ಈವೆಂಟ್ ನಿರಾಕರಿಸಿ. ಸ್ಯಾಂಪ್ಲಿಂಗ್ ಕೇಳಿದರೂ ನಿರಾಕರಿಸಿ. ಯೂಸರ್, ಕರ್ನಲ್ ಅಂತ ಬೇರ್ಪಡಿಸಲು ಬರುವುದಿಲ್ಲ ಅಂತ ನೋ_ಎಕ್ಸ್‌ಕ್ಲೂಡ್ ಕೇಪಬಿಲಿಟಿಯಿಂದ ತಿಳಿಸಿ, ಉಳಿದದ್ದನ್ನು ಪರ್ಫ್ ನೋಡಿಕೊಳ್ಳುತ್ತದೆ.

ಪ್ರತಿ ಸಾಧನಕ್ಕೂ ಒಂದು ಸಿಪಿಯುವನ್ನು ಉಸ್ತುವಾರಿಗೆ ನೇಮಿಸಿ, ಸಿಸ್‌ಎಫ್‌ಎಸ್‌ನಲ್ಲಿ ಸಿಪಿಯುಮಾಸ್ಕ್ ಫೈಲಿನಿಂದ ಅದನ್ನು ತೋರಿಸಿ. ಆ ಫೈಲ್ ಇಲ್ಲದಿದ್ದರೆ ಪರ್ಫ್ ಟೂಲ್ ಎಲ್ಲ ಸಿಪಿಯುಗಳಲ್ಲೂ ಒಂದೇ ಕೌಂಟರ್ ತೆರೆಯುತ್ತದೆ, ಒಟ್ಟು ಹಲವು ಪಟ್ಟು ಆಗುತ್ತದೆ. ಆ ಸಿಪಿಯು ಆಫ್‌ಲೈನ್ ಆದರೆ ಹಾಟ್‌ಪ್ಲಗ್ ಕಾಲ್‌ಬ್ಯಾಕ್‌ನಲ್ಲಿ ಪರ್ಫ್_ಪಿಎಂಯು_ಮೈಗ್ರೇಟ್_ಕಾಂಟೆಕ್ಸ್ಟ್ ಕರೆದು ಈವೆಂಟ್‌ಗಳನ್ನು ಇನ್ನೊಂದಕ್ಕೆ ಸಾಗಿಸಿ. ಇಂಟರಪ್ಟ್ ಇದ್ದರೆ ಅದನ್ನೂ ಅದೇ ಸಿಪಿಯುಗೆ ತಿರುಗಿಸಿ.

64 ಬಿಟ್ ಕೌಂಟರ್ ಅನ್ನು ಎರಡು 32 ಬಿಟ್ ಅರ್ಧಗಳಾಗಿ ಓದಬೇಕಾದ ಹಾರ್ಡ್‌ವೇರ್ ಇನ್ನೂ ಇದೆ. ಮೇಲಿನ ಅರ್ಧ, ಕೆಳಗಿನದು, ಮತ್ತೆ ಮೇಲಿನದು ಓದಿ. ಎರಡೂ ಸಲ ಮೇಲಿನ ಅರ್ಧ ಒಂದೇ ಇದ್ದರೆ ಸರಿ, ಇಲ್ಲದಿದ್ದರೆ ಮತ್ತೆ ಓದಿ.

ಮಾದರಿ ಬೇಕಿದ್ದರೆ ಕರ್ನಲ್ ಸೋರ್ಸ್‌ನ ಡ್ರೈವರ್ಸ್ ಫೋಲ್ಡರ್ ಒಳಗಿನ ಪರ್ಫ್ ಫೋಲ್ಡರ್ ನೋಡಿ. ಅಲ್ಲಿರುವ ಐ.ಎಂಎಕ್ಸ್8 ಡಿಡಿಆರ್ ಡ್ರೈವರ್ ಒಂದೇ ಫೈಲಿನಲ್ಲಿದೆ, ಮೊದಲ ಓದಿಗೆ ಅದು ಚೆನ್ನ. ಎಕ್ಸ್86ನ ಕೋರ್ ಕೋಡ್‌ನಿಂದ ಶುರು ಮಾಡಬೇಡಿ, ಅದರಲ್ಲಿ ಪ್ರತಿ ತಲೆಮಾರಿನ ಸಿಪಿಯುವಿನ ವಿನಾಯಿತಿಗಳೂ ಸೇರಿಕೊಂಡಿವೆ.

ಕೌಂಟರ್‌ಗಿಂತ ಈವೆಂಟ್ ಜಾಸ್ತಿ ಇದ್ದರೆ?

ನಿಮ್ಮ ಆ್ಯಡ್ ಫಂಕ್ಷನ್ ಜಾಗ ಇಲ್ಲ ಅಂತ ಎರರ್ ಕೊಡಲಿ, ಸಾಕು. ಪರ್ಫ್ ಸರದಿಯ ಮೇಲೆ ಓಡಿಸುತ್ತದೆ. ಒಟ್ಟು ಎಷ್ಟು ಹೊತ್ತು ಚಾಲೂ ಇತ್ತು, ಅದರಲ್ಲಿ ನಿಜವಾಗಿ ಎಷ್ಟು ಹೊತ್ತು ಕೌಂಟರ್ ಮೇಲಿತ್ತು ಅಂತ ಎರಡು ಸಮಯ ಇಡುತ್ತದೆ. ಕಾಲು ಭಾಗ ಮಾತ್ರ ಓಡಿದ್ದರೆ ಟೂಲ್ ನಾಲ್ಕರಿಂದ ಗುಣಿಸಿ ತೋರಿಸುತ್ತದೆ. ಅದು ಅಂದಾಜು. ಗಳಿಗೆಗೊಮ್ಮೆ ವರ್ತನೆ ಬದಲಿಸುವ ಪ್ರೋಗ್ರಾಮ್‌ಗೆ ಅದನ್ನು ನಂಬಬೇಡಿ.

ದೊಡ್ಡ ಕೋರ್, ಚಿಕ್ಕ ಕೋರ್ ಎರಡೂ ಇರುವ ಚಿಪ್‌ನಲ್ಲಿ?

ಎರಡಕ್ಕೂ ಬೇರೆ ಬೇರೆ ಪಿಎಂಯು ರಿಜಿಸ್ಟರ್ ಮಾಡಿ. ಇಂಟೆಲ್ ಆಲ್ಡರ್ ಲೇಕ್‌ನಲ್ಲಿ ಸಿಪಿಯು_ಕೋರ್, ಸಿಪಿಯು_ಆಟಮ್ ಅಂತ ಎರಡು ಕಾಣುವುದು ಇದಕ್ಕೇ. ಒಂದೇ ಈವೆಂಟ್ ಕೋಡ್ ಎರಡರಲ್ಲೂ ಒಂದೇ ಅರ್ಥ ಕೊಡುತ್ತದೆ ಅಂದುಕೊಳ್ಳಬೇಡಿ.

ಯಾರು ಬೇಕಾದರೂ ಓದಬಹುದಾ?

ಬಿಡಬಾರದು. ಕ್ಯಾಶ್ ಮಿಸ್, ಬ್ರಾಂಚ್ ಎಣಿಕೆಗಳಿಂದ ಪಕ್ಕದ ಪ್ರೋಗ್ರಾಮ್ ಏನು ಮಾಡುತ್ತಿದೆ ಅಂತ ಊಹಿಸಬಹುದು. ಪರ್ಫ್_ಈವೆಂಟ್_ಪ್ಯಾರನಾಯ್ಡ್ ಅನ್ನುವ ಸೆಟ್ಟಿಂಗ್ ಮುಖ್ಯ ಕರ್ನಲ್‌ನಲ್ಲಿ 2 ಇರುತ್ತದೆ. ಅಂದರೆ ಸಾಮಾನ್ಯ ಬಳಕೆದಾರರು ತಮ್ಮ ಪ್ರೋಗ್ರಾಮಿನ ಯೂಸರ್ ಭಾಗ ಮಾತ್ರ ಅಳೆಯಬಹುದು. 2020ರ 5.8 ಕರ್ನಲ್‌ನಿಂದ ಕ್ಯಾಪ್_ಪರ್ಫ್‌ಮಾನ್ ಅನ್ನುವ ಪ್ರತ್ಯೇಕ ಅಧಿಕಾರವೂ ಇದೆ, ಅಳತೆಗಾಗಿ ಪೂರ್ತಿ ರೂಟ್ ಕೊಡಬೇಕಿಲ್ಲ.

ಬರುವ ಸಂಖ್ಯೆ ಸರಿ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಉತ್ತರ ಮೊದಲೇ ಗೊತ್ತಿರುವ ಪ್ರೋಗ್ರಾಮ್ ಓಡಿಸಿ. ಅಸೆಂಬ್ಲಿಯಲ್ಲಿ ಎರಡೇ ಇನ್‌ಸ್ಟ್ರಕ್ಷನ್‌ನ ಲೂಪ್ ಬರೆಯಿರಿ: ಒಂದು ಕಳೆಯುವುದು, ಒಂದು ಜಂಪ್. ಹತ್ತು ಕೋಟಿ ಸುತ್ತು ಓಡಿಸಿದರೆ ಇಪ್ಪತ್ತು ಕೋಟಿಗಿಂತ ಸ್ವಲ್ಪವೇ ಮೇಲೆ ಬರಬೇಕು. ಸಿ ಕೋಡ್‌ನಲ್ಲಿ ಬರೆದರೆ ಕಂಪೈಲರ್ ಲೂಪ್ ಅನ್ನೇ ಕಿತ್ತುಹಾಕಬಹುದು. ಮೆಮೊರಿ ಕಂಟ್ರೋಲರ್ ಡ್ರೈವರ್ ಆದರೆ ಕ್ಯಾಶ್‌ಗಿಂತ ಬಹಳ ದೊಡ್ಡ ಬಫರ್ ಓದಿ, ಬೈಟ್ ಲೆಕ್ಕ ಹೊಂದುತ್ತದಾ ನೋಡಿ.

ಆಮೇಲೆ ಬೇಕೆಂದೇ ಕಷ್ಟ ಕೊಡಿ. ಸುತ್ತು ಹೊಡೆಯಲು ಗಂಟೆಗಟ್ಟಲೆ ಕಾಯಬೇಡಿ, ಪರೀಕ್ಷೆಗೆ ಕೌಂಟರ್ ಅನ್ನು ಗರಿಷ್ಠದ ಹತ್ತಿರದ ಸಂಖ್ಯೆಯಿಂದಲೇ ಶುರು ಮಾಡಿ. ಪ್ರೋಗ್ರಾಮ್ ಓಡುವಾಗಲೇ ಅದನ್ನು ಬೇರೆ ಸಿಪಿಯುಗೆ ಸರಿಸಿ. ಎಣಿಕೆ ನಡೆಯುವಾಗ ಸಿಪಿಯು ಆಫ್‌ಲೈನ್ ಮಾಡಿ, ವಾಪಸ್ ತನ್ನಿ. ಯಂತ್ರ ಸಸ್ಪೆಂಡ್ ಮಾಡಿ ಎಬ್ಬಿಸಿ, ಬಹಳಷ್ಟು ಹಾರ್ಡ್‌ವೇರ್‌ನಲ್ಲಿ ಕರೆಂಟ್ ಹೋದಾಗ ರಿಜಿಸ್ಟರ್ ಅಳಿಸಿಹೋಗುತ್ತದೆ, ನಿಮ್ಮ ಡ್ರೈವರ್ ಅದನ್ನು ಮತ್ತೆ ತುಂಬುತ್ತದಾ ಗೊತ್ತಾಗುತ್ತದೆ. ಲಾಕ್ ಬಳಕೆಯ ತಪ್ಪು ಹಿಡಿಯುವ ಲಾಕ್‌ಡೆಪ್ ಚಾಲೂ ಇರುವ ಕರ್ನಲ್‌ನಲ್ಲಿ ಇದನ್ನೆಲ್ಲ ಇನ್ನೊಮ್ಮೆ ಮಾಡಿ. ಒಂದೇ ಲೂಪ್ ಅನ್ನು ಹಲವು ಸಲ ಓಡಿಸಿದಾಗ ಇನ್‌ಸ್ಟ್ರಕ್ಷನ್ ಎಣಿಕೆ ಗಣನೀಯವಾಗಿ ಹೆಚ್ಚುಕಡಿಮೆ ಆಗುತ್ತಿದ್ದರೆ ಮೊದಲು ವ್ಯತ್ಯಾಸ ಕಳೆಯುವ ಕೋಡ್ ತೆರೆದು ನೋಡಿ.